ನಮ್ಮ ಗುಟ್ಟು ಕಾಯುವ ವಕೀಲರ ಗುಟ್ಟನ್ನು ಕಾಯುವವರು ಯಾರು?



ವೈದ್ಯರ ಹತ್ತಿರವೂ ವಕೀಲರ ಹತ್ತಿರವೂ ಏನನ್ನೂ ಮುಚ್ಚಿಡಬಾರದು ಎಂದು ಹಿರಿಯರು ಹೇಳುತ್ತಾರೆ. ನಾವೂ ಹಾಗೆಯೇ ನಡೆದುಕೊಂಡು ಬಂದಿದ್ದೇವೆ. ಅಣ್ಣತಮ್ಮಂದಿರ ಪಾಲಿನ ಜಗಳ, ಮಗಳ ಸಂಸಾರದ ತಾಪತ್ರಯ, ಕೊಟ್ಟ ಸಾಲ, ತಂದ ಸಾಲ ಎಲ್ಲವನ್ನೂ ವಕೀಲರ ಮುಂದೆ ಬಿಚ್ಚಿಟ್ಟು ಬರುತ್ತೇವೆ. ಅವರು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂಬ ನಂಬಿಕೆ ನಮಗಿದೆ. ಆದರೆ ಆ ವಕೀಲರಿಗೇ ಕಷ್ಟ ಬಂದರೆ? ಕುಡಿತ ಕೈಮೀರಿದರೆ, ಮನಸ್ಸು ಕುಗ್ಗಿ ರಾತ್ರಿ ನಿದ್ದೆ ಬಾರದಿದ್ದರೆ, ಅವರು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೇಳಿಕೊಂಡ ಮಾತು ಹೊರಗೆ ಹೋಗುವುದಿಲ್ಲ ಎಂಬುದಕ್ಕೆ ಏನು ಭರವಸೆ?

ತೊಪ್ಪೂರು, ಧರ್ಮಪುರಿ, ಸೇಲಂ, ಕೃಷ್ಣಗಿರಿ, ಹೊಸೂರು, ತಾಳವಾಡಿ ಕಡೆಯ ನಮ್ಮ ಸದಸ್ಯರ ಮನೆಗಳಲ್ಲಿ ಕಾನೂನು ಓದಿ ಕಪ್ಪು ಕೋಟು ಹಾಕಿದ ಮಕ್ಕಳಿದ್ದಾರೆ. ಕಕ್ಷಿದಾರರಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ಇನ್ನೂ ಹೆಚ್ಚು. ಇಬ್ಬರಿಗೂ ಬೇಕಾದ ವಿಷಯವಾದ್ದರಿಂದ ಈ ಸಲದ ಮಾಹಿತಿ ಲೇಖನವನ್ನು ಇದಕ್ಕೆ ಮೀಸಲಿಟ್ಟಿದ್ದೇನೆ.

ಕೆಲಸದ ಭಾರ ಎಂಥದು?

ನಮ್ಮ ತೊಪ್ಪೂರನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಧರ್ಮಪುರಿ ಕಡೆಯಿಂದ ಸೇಲಂ ಕಡೆಗೆ ಇಳಿಯುವ ಕಣಿವೆಯಲ್ಲಿ ಬ್ರೇಕ್ ಹಿಡಿಯದ ಲಾರಿಗಳು ಮುಂದಿನ ವಾಹನಗಳಿಗೆ ಗುದ್ದಿದ ಸುದ್ದಿ ನಮಗೆ ಹೊಸದಲ್ಲ. ಅಂಥ ಅಪಘಾತದ ನಂತರ ಪರಿಹಾರದ ಅರ್ಜಿ ಸಿದ್ಧಪಡಿಸುವವರು ವಕೀಲರು. ಅವರು ಮರಣೋತ್ತರ ಪರೀಕ್ಷೆಯ ವರದಿಯನ್ನು ಸಾಲುಸಾಲಾಗಿ ಓದಬೇಕು. ಸ್ಥಳದ ಫೋಟೋಗಳನ್ನು ನೋಡಬೇಕು. ಪರಿಹಾರದ ಲೆಕ್ಕ ನಿಲ್ಲುವುದು ಸತ್ತವರ ವಯಸ್ಸು ಮತ್ತು ಆದಾಯದ ಮೇಲೆ. ಹಾಗಾಗಿ ಮಗನನ್ನು ಕಳೆದುಕೊಂಡ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಅವನಿಗೆ ಸಂಬಳ ಎಷ್ಟು ಬರುತ್ತಿತ್ತು, ಮನೆಗೆ ಎಷ್ಟು ಕೊಡುತ್ತಿದ್ದ ಎಂದು ಕೇಳಬೇಕು. ಒಂದು ಕಡತ ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ವಿಚ್ಛೇದನ, ಕೊಲೆ, ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳೂ ಹೀಗೆಯೇ. ಹೊಸದಾಗಿ ಸೇರಿದ ಕಿರಿಯ ವಕೀಲರಿಗಂತೂ ಕೆಲಸ ಬೆಟ್ಟದಷ್ಟು, ಕೈಗೆ ಬರುವುದು ಸಾಸಿವೆಯಷ್ಟು.

ಈ ಭಾರ ಒಂದಲ್ಲ ಒಂದು ರೂಪದಲ್ಲಿ ಹೊರಗೆ ಬರುತ್ತದೆ. ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿನ 12,825 ವಕೀಲರನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 20.6ರಷ್ಟು ಮಂದಿಯ ಕುಡಿತ ತೊಂದರೆಯ ಮಟ್ಟಕ್ಕೆ ಹೋಗಿತ್ತು. ಶೇಕಡ 28ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಚಿಕಿತ್ಸೆಗೆ ಏಕೆ ಹೋಗಲಿಲ್ಲ ಎಂದು ಕೇಳಿದಾಗ ಮುಂದೆ ಬಂದ ಎರಡು ಕಾರಣಗಳಲ್ಲಿ ಒಂದು, ಬೇರೆಯವರಿಗೆ ಗೊತ್ತಾಗಬಾರದು ಎಂಬುದು. ಇನ್ನೊಂದು, ಹೇಳಿದ್ದು ಗೋಪ್ಯವಾಗಿ ಉಳಿಯುತ್ತದೆಯೇ ಎಂಬ ಅನುಮಾನ. ಹಣವಿಲ್ಲ ಎಂಬ ಕಾರಣಕ್ಕಿಂತ ಇವೇ ಮುಂದಿದ್ದವು.

ಕಕ್ಷಿದಾರರ ಗುಟ್ಟಿಗೆ ಬೀಗ ಇದೆ

ನಮ್ಮ ದೇಶದಲ್ಲಿ ಕಕ್ಷಿದಾರರ ಗುಟ್ಟಿಗೆ ಕಾನೂನು ಗಟ್ಟಿಯಾದ ಬೀಗ ಹಾಕಿದೆ. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿದ್ದ ನಿಯಮ, 2024ರ ಜುಲೈ 1ರಿಂದ ಜಾರಿಯಾಗಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132ನೇ ಸೆಕ್ಷನ್ ಆಗಿದೆ. ವೃತ್ತಿಯ ಸಂಬಂಧದಲ್ಲಿ ಕಕ್ಷಿದಾರರು ಹೇಳಿದ ಮಾತು, ತೋರಿಸಿದ ದಾಖಲೆ, ವಕೀಲರು ಕೊಟ್ಟ ಸಲಹೆ ಯಾವುದನ್ನೂ ಅವರ ಒಪ್ಪಿಗೆಯಿಲ್ಲದೆ ಹೊರಹಾಕುವಂತಿಲ್ಲ. ಕೇಸು ಮುಗಿದ ಮೇಲೂ ಈ ಕಟ್ಟುಪಾಡು ಮುಗಿಯುವುದಿಲ್ಲ. ವಕೀಲರ ಗುಮಾಸ್ತರಿಗೂ ಇದು ಅನ್ವಯಿಸುತ್ತದೆ. ಗುಮಾಸ್ತನಾಗಿ ನಿವೃತ್ತನಾದ ನನಗೆ ಇದನ್ನು ಓದಿ ಸಂತೋಷವಾಯಿತು, ಏಕೆಂದರೆ ಸಾಮಾನ್ಯವಾಗಿ ನಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಿನಾಯಿತಿಯೂ ಇದೆ. ಅಪರಾಧ ಮಾಡುವ ಉದ್ದೇಶದಿಂದಲೇ ಆಡಿದ ಮಾತಿಗೆ, ವಕಾಲತ್ತು ವಹಿಸಿಕೊಂಡ ಮೇಲೆ ನಡೆದ ಅಪರಾಧ ಅಥವಾ ಮೋಸ ಕಣ್ಣಿಗೆ ಬಿದ್ದರೆ ಅದಕ್ಕೆ, ಈ ರಕ್ಷಣೆ ಸಿಗುವುದಿಲ್ಲ. ಇಂಥ ವಿನಾಯಿತಿಗಳ ಹೊರತು ಕಕ್ಷಿದಾರರ ವಿವರ ತಿಳಿಯಲೆಂದು ಪೊಲೀಸರು ವಕೀಲರಿಗೆ ಸಮನ್ಸ್ ಕೊಡುವಂತಿಲ್ಲ, ಕೊಡಬೇಕಾಗಿ ಬಂದರೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಒಪ್ಪಿಗೆ ಬೇಕು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ.

ಇಷ್ಟೆಲ್ಲ ಇರುವುದು ಕಕ್ಷಿದಾರರ ರಕ್ಷಣೆಗೆ. ವಕೀಲರು ತಮ್ಮ ಸ್ವಂತ ಕಷ್ಟವನ್ನು ಇನ್ನೊಬ್ಬ ವಕೀಲ ಮಿತ್ರರ ಹತ್ತಿರ ಚಹಾ ಕುಡಿಯುತ್ತಾ ಹೇಳಿಕೊಂಡರೆ ಅದಕ್ಕೆ 132ನೇ ಸೆಕ್ಷನ್ ನೆರವಿಗೆ ಬರುವುದಿಲ್ಲ. ಆ ಮಾತು ಉಳಿಯುವುದು ಸ್ನೇಹಿತರ ಸಜ್ಜನಿಕೆಯ ಮೇಲೆ ಮಾತ್ರ.

ನೆರವಿನ ಕೈಯೂ ಶಿಕ್ಷೆಯ ಕೈಯೂ ಒಂದೇ ಆದರೆ

1961ರ ವಕೀಲರ ಕಾಯ್ದೆಯನ್ನು ನೋಡಿ. ಅದರ 6ನೇ ಸೆಕ್ಷನ್ ಪ್ರಕಾರ ರಾಜ್ಯ ವಕೀಲರ ಪರಿಷತ್ತು ಬಡ ಅಥವಾ ಅಂಗವಿಕಲ ವಕೀಲರಿಗೆ ಧನಸಹಾಯ ಮಾಡಲು ನಿಧಿ ಸ್ಥಾಪಿಸಬಹುದು. ಅದೇ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಅದೇ ಪರಿಷತ್ತು, ದೂರು ಬಂದರೆ ಅಥವಾ ತನಗೇ ನಂಬಲು ಕಾರಣ ಕಂಡರೆ, ವಕೀಲರ ದುರ್ನಡತೆಯ ವಿಷಯವನ್ನು ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಸಮಿತಿ ಛೀಮಾರಿ ಹಾಕಬಹುದು, ಸ್ವಲ್ಪ ಕಾಲ ವೃತ್ತಿಯಿಂದ ದೂರ ಇಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ನಮ್ಮ ಕಡೆಯ ವಕೀಲರಿಗೆ ಈ ಪರಿಷತ್ತು ಇರುವುದು ಚೆನ್ನೈಯಲ್ಲಿ. ಇದಲ್ಲದೆ ಕರ್ನಾಟಕಕ್ಕೆ 1983ರ, ತಮಿಳುನಾಡಿಗೆ 1987ರ ವಕೀಲರ ಕಲ್ಯಾಣ ನಿಧಿ ಕಾಯ್ದೆಗಳಿವೆ. ಇವೆಲ್ಲ ಹಣದ ನೆರವಿಗೆ ಸಂಬಂಧಿಸಿದವು.

ಈಗ ಒಬ್ಬ ವಕೀಲರ ಜಾಗದಲ್ಲಿ ನಿಂತು ಯೋಚಿಸಿ. ಬೆಳಿಗ್ಗೆ ಕೋರ್ಟಿಗೆ ಹೊರಡುವ ಮೊದಲೇ ಕುಡಿಯಬೇಕು ಅನ್ನಿಸುತ್ತಿದೆ. ಒಂದೆರಡು ವಾಯಿದೆ ತಪ್ಪಿವೆ. ಸಹಾಯ ಬೇಕು. ಆದರೆ ಶಿಸ್ತು ಕ್ರಮ ಕೈಗೊಳ್ಳುವ ಸಂಸ್ಥೆಗೇ ಹೋಗಿ ನನ್ನ ಸ್ಥಿತಿ ಹೀಗಿದೆ ಎಂದು ಬರೆದುಕೊಡಲು ಯಾರಿಗೆ ಧೈರ್ಯ ಬರುತ್ತದೆ? ವಕೀಲರಿಗೆ ಹೆಸರೇ ಬಂಡವಾಳ. ಬಾಯಿಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾಗುತ್ತಾರೆ. ಸುಮ್ಮನಾದಷ್ಟೂ ಕಾಯಿಲೆ ಬಲಿಯುತ್ತದೆ, ನಮ್ಮ ಕೇಸುಗಳೂ ಕೆಡುತ್ತವೆ.

ಬೇರೆ ಕಡೆ ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು. ನೆರವು ಕೊಡುವವರನ್ನೂ ಶಿಕ್ಷೆ ಕೊಡುವವರನ್ನೂ ಬೇರೆ ಬೇರೆ ಇಟ್ಟು, ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಹೋಗದಂತೆ ಮಾಡುವುದು. ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ವಕೀಲರ ಸಹಾಯ ಕಾರ್ಯಕ್ರಮಗಳಿವೆ. ಅಲ್ಲಿ ಸಹೋದ್ಯೋಗಿಯ ಗಂಭೀರ ತಪ್ಪು ಗೊತ್ತಾದರೆ ವರದಿ ಮಾಡುವುದು ವಕೀಲರ ಕರ್ತವ್ಯ ಎಂದು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 8.3 ಹೇಳುತ್ತದೆ. ಆದರೆ ಅದೇ ನಿಯಮದ ಕೊನೆಯ ಭಾಗ, ಮಾನ್ಯತೆ ಪಡೆದ ಸಹಾಯ ಕಾರ್ಯಕ್ರಮದಲ್ಲಿ ಭಾಗವಹಿಸುವಾಗ ತಿಳಿದುಬಂದ ವಿಷಯಕ್ಕೆ ಈ ಕರ್ತವ್ಯ ಅನ್ವಯಿಸುವುದಿಲ್ಲ ಎನ್ನುತ್ತದೆ. ಈ ಒಂದು ಸಾಲು ಇಲ್ಲದಿದ್ದರೆ ಆ ಕಾರ್ಯಕ್ರಮಗಳ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಕುಡಿತ ಬಿಟ್ಟು ಚೇತರಿಸಿಕೊಂಡ ವಕೀಲರೇ ಅಲ್ಲಿ ಹೊಸಬರಿಗೆ ಜೊತೆ ನಿಲ್ಲುವುದೂ ಉಂಟು. ಬ್ರಿಟನ್ನಿನಲ್ಲಿ 1997ರಿಂದ ಲಾಕೇರ್ ಎಂಬ ಸ್ವತಂತ್ರ ದತ್ತಿ ಸಂಸ್ಥೆ ವಕೀಲರಿಗೂ ಅವರ ಸಿಬ್ಬಂದಿಗೂ ಉಚಿತವಾಗಿ, ಗೋಪ್ಯವಾಗಿ ಇದೇ ಕೆಲಸ ಮಾಡುತ್ತಿದೆ. ಹೊರದೇಶಗಳಲ್ಲಿ ವಕೀಲರಾಗಿರುವ ನಮ್ಮವರ ಮಕ್ಕಳು ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ನಮ್ಮ ಕೈಯಲ್ಲಿ ಈಗಲೇ ಇರುವ ರಕ್ಷಣೆ

ಹಾಗೆಂದು ನಮ್ಮ ವಕೀಲರು ದಿಕ್ಕಿಲ್ಲದವರೇನಲ್ಲ. ವಕೀಲರಿಗೆಂದೇ ಮಾಡದಿದ್ದರೂ ಅವರಿಗೂ ಪೂರ್ತಿಯಾಗಿ ಸಲ್ಲುವ ಕಾನೂನೊಂದಿದೆ. ಅದು 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017. ಅದರಲ್ಲಿ ಗಮನಿಸಬೇಕಾದ ಅಂಶಗಳು ಇವು.

ಒಂದು: ಮಾನಸಿಕ ಕಾಯಿಲೆ ಎಂಬುದರೊಳಗೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬಂದ ಮಾನಸಿಕ ಸ್ಥಿತಿಗಳೂ ಸೇರುತ್ತವೆ. ಹಾಗಾಗಿ ಕುಡಿತದ ಚಿಕಿತ್ಸೆಗೆ ಹೋದವರಿಗೂ ಈ ಕಾಯ್ದೆಯ ಆಸರೆ ಇದೆ.

ಎರಡು: 23ನೇ ಸೆಕ್ಷನ್ ಪ್ರಕಾರ ಕಾಯಿಲೆ, ಆರೈಕೆ, ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು. ಚಿಕಿತ್ಸೆ ಕೊಡುವ ಎಲ್ಲರಿಗೂ ಅದನ್ನು ಕಾಪಾಡುವ ಕರ್ತವ್ಯವಿದೆ.

ಮೂರು: 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೋ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ. ಕಂಪ್ಯೂಟರಿನಲ್ಲಿ ಇಟ್ಟ ಮಾಹಿತಿಗೂ ಇದು ಅನ್ವಯ.

ನಾಲ್ಕು: ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರನ್ನೂ ಬುದ್ಧಿಭ್ರಮಣೆಯವರೆಂದು ಪರಿಗಣಿಸುವಂತಿಲ್ಲ. ಅದನ್ನು ಹೇಳುವ ಅಧಿಕಾರ ಕೋರ್ಟಿಗೆ ಮಾತ್ರ.

ಐದು: ಕಾಯ್ದೆ ಮುರಿದವರಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಇದರ ಹಿಂದೆ ಇನ್ನೂ ದೊಡ್ಡ ತಳಹದಿಯೊಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವೃತ್ತಿಯಿಂದ ನಿವೃತ್ತರಾದ ಮೇಲೆ ದೇಶಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದ ಕನ್ನಡಿಗರು ಎಂದು ನಾವು ನೆನೆಯಬೇಕು.

ಗೋಪ್ಯತೆಗೂ ಎಲ್ಲೆಗಳಿವೆ, ಅವನ್ನೂ ಹೇಳಬೇಕು. ರೋಗಿಯೇ ನೇಮಿಸಿಕೊಂಡ ಪ್ರತಿನಿಧಿಗೆ, ಚಿಕಿತ್ಸೆಗೆ ಬೇಕಾದ ಇನ್ನೊಬ್ಬ ವೈದ್ಯರಿಗೆ ವಿವರ ಹೋಗಬಹುದು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಿಂಸೆಯಾಗುವ ಸಂಭವವಿದ್ದರೆ ಅದನ್ನು ತಡೆಯಲು ಹೇಳಬಹುದು. ಹೈಕೋರ್ಟ್, ಸುಪ್ರೀಂ ಕೋರ್ಟ್ ಅಥವಾ ಅಧಿಕಾರವುಳ್ಳ ಪ್ರಾಧಿಕಾರ ಆದೇಶಿಸಿದರೆ ಕೊಡಬೇಕಾಗುತ್ತದೆ. ಇನ್ನೊಂದು ಮಾತು: ಕಕ್ಷಿದಾರರ ಹಣ ನುಂಗಿದವರು ಚಿಕಿತ್ಸೆಗೆ ಸೇರಿಕೊಂಡ ಮಾತ್ರಕ್ಕೆ ಆ ತಪ್ಪು ಮಾಫಿಯಾಗುವುದಿಲ್ಲ. ಗೋಪ್ಯತೆ ಇರುವುದು ಕಾಯಿಲೆಯ ವಿವರಕ್ಕೆ. ಹಣದ ಲೆಕ್ಕವನ್ನು ಕಕ್ಷಿದಾರರು ಬೇರೆಯಾಗಿ ಕೇಳಬಹುದು.

ಕನ್ನಡದಲ್ಲಿ ಹೇಳಿಕೊಳ್ಳುವ ದಾರಿ

ಗಡಿನಾಡಿನ ನಮಗೆ ಇಲ್ಲೊಂದು ಪ್ರತ್ಯೇಕ ತೊಡಕಿದೆ. ನಮ್ಮ ವಕೀಲರು ಕೋರ್ಟಿನಲ್ಲಿ ತಮಿಳು, ಇಂಗ್ಲಿಷುಗಳಲ್ಲಿ ವಾದ ಮಾಡುತ್ತಾರೆ. ಆದರೆ ಮನಸ್ಸು ನೊಂದಾಗ ಬಾಯಿಗೆ ಬರುವುದು ಅಮ್ಮನ ಮಾತು. ಸಣ್ಣ ಊರಿನಲ್ಲಿ ಕನ್ನಡ ಬಲ್ಲವರನ್ನು ಹುಡುಕಿಕೊಂಡು ಹೋದರೆ ಸಿಗುವುದು ಒಬ್ಬ ನೆಂಟರು, ಇಲ್ಲವೇ ನೆಂಟರ ನೆಂಟರು. ಭಾಷೆ ಸಿಕ್ಕರೆ ಗುಟ್ಟು ಉಳಿಯುವುದಿಲ್ಲ, ಗುಟ್ಟು ಉಳಿದರೆ ಭಾಷೆ ಸಿಗುವುದಿಲ್ಲ ಎಂಬ ಪರಿಸ್ಥಿತಿ.

ಇದಕ್ಕೆ ಒಳ್ಳೆಯ ಪರಿಹಾರ ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು. ಇಪ್ಪತ್ತು ಭಾಷೆಗಳಲ್ಲಿ ಸೇವೆ ಇದೆ, ಅವುಗಳಲ್ಲಿ ಕನ್ನಡವೂ ತಮಿಳೂ ಇವೆ. ಕರೆ ಮಾಡಿದಾಗ ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು. ಮದ್ಯ ಮತ್ತು ಮಾದಕ ವ್ಯಸನಕ್ಕೆಂದೇ 14446 ಎಂಬ ಪ್ರತ್ಯೇಕ ಉಚಿತ ಸಹಾಯವಾಣಿ ಇದೆ. ಎರಡೂ ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಬರೆದಿಟ್ಟುಕೊಳ್ಳಿ.

ನೇರವಾಗಿ ವೈದ್ಯರನ್ನು ಕಾಣುವುದಾದರೆ ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವಲ್ಲ. ಟೆಲಿ ಮಾನಸ್‌ನ ಉಸ್ತುವಾರಿ ಸಂಸ್ಥೆಯೂ ಅದೇ. ವ್ಯಸನ ಚಿಕಿತ್ಸೆಗೆ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. ತೊಪ್ಪೂರಿನಲ್ಲಿ ಬಸ್ಸು ಹತ್ತಿ ಧರ್ಮಪುರಿ, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರು ಸೇರಿದರೆ ಹೊಸೂರು ರಸ್ತೆಯಲ್ಲಿಯೇ ಆ ಆಸ್ಪತ್ರೆ ಸಿಗುತ್ತದೆ. ಊರಿನವರ ಕಣ್ಣಿಗೆ ಬೀಳದೆ, ಕನ್ನಡದಲ್ಲಿಯೇ ಮಾತಾಡಿ ಬರಬಹುದು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವೂ ಇದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿ ನಮ್ಮ ದೇಶಕ್ಕೂ ಬಂದಿರುವ ಇದರಲ್ಲಿ ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಹೆಸರು ಹೊರಗೆ ಹೇಳದಿರುವುದೇ ಅದರ ಮುಖ್ಯ ಸಂಪ್ರದಾಯ. ಅದು ಕಾನೂನಿನ ಕಟ್ಟಲ್ಲ, ಪರಸ್ಪರ ಕೊಟ್ಟುಕೊಂಡ ಮಾತು ಎಂಬುದು ನೆನಪಿರಲಿ.

ಗುಟ್ಟು ಸೋರುವುದು ಎಲ್ಲಿ?

ಕಚೇರಿಯಲ್ಲಿ ಕಡತಗಳ ನಡುವೆ ಆಯುಸ್ಸು ಕಳೆದವನಾಗಿ ಒಂದು ಮಾತು ಹೇಳುತ್ತೇನೆ. ಗುಟ್ಟು ದೊಡ್ಡವರ ಬಾಯಿಂದ ಹೊರಬೀಳುವುದು ಅಪರೂಪ. ಅದು ಸೋರುವುದು ಕಾಗದ ನಡೆಯುವ ದಾರಿಯಲ್ಲಿ. ವೈದ್ಯಕೀಯ ರಜೆಯ ಅರ್ಜಿಯೊಂದು ಆವಕ ಪುಸ್ತಕದಲ್ಲಿ ದಾಖಲಾಗುತ್ತದೆ, ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಮೇಲ್ವಿಚಾರಕರಿಗೆ, ಅಧಿಕಾರಿಗೆ, ಮತ್ತೆ ಲೆಕ್ಕ ವಿಭಾಗಕ್ಕೆ. ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರಿದ್ದರೆ ಸಂಜೆಯೊಳಗೆ ಕಚೇರಿಗೆಲ್ಲ ಗೊತ್ತು. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’ ಎಂದು ಬರೆದರಂತೂ ಎಲ್ಲರ ಕಣ್ಣೂ ಅದರ ಮೇಲೆಯೇ! ಆದ್ದರಿಂದ ನೆರವು ಕೇಳುವ ಮೊದಲು ಯಾರೇ ಆಗಲಿ ಐದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.

1. ನಾನು ಹೇಳುವುದನ್ನು ಕೇಳುವವರು ಯಾರು, ಎಷ್ಟು ಜನ?
2. ಹೆಸರು ಬರೆಯಲೇಬೇಕೇ? ಏನೇನು ದಾಖಲಾಗುತ್ತದೆ?
3. ಆ ದಾಖಲೆ ಎಲ್ಲಿರುತ್ತದೆ, ಯಾರು ತೆರೆದು ನೋಡಬಹುದು?
4. ಯಾವ ಸಂದರ್ಭದಲ್ಲಿ ಅದನ್ನು ಹೊರಗೆ ಕೊಡುತ್ತಾರೆ?
5. ಈ ನೆರವು ಕೊಡುವವರಿಗೂ ನನ್ನ ಮೇಲೆ ಕ್ರಮ ಕೈಗೊಳ್ಳುವವರಿಗೂ ಸಂಬಂಧವಿದೆಯೇ?

ವಿಮೆಯ ಹಣ ಕೇಳುವುದಾದರೆ ಕಾಯಿಲೆಯ ವಿವರ ವಿಮಾ ಕಂಪನಿಗೆ ಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಕಂಪನಿಗೆ ಎಷ್ಟು ವಿವರ ಸಾಕು ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಕಕ್ಷಿದಾರರಾಗಿ ನಾವು ಏನು ಮಾಡಬೇಕು?

ನಮ್ಮ ವಕೀಲರು ತೊಂದರೆಯಲ್ಲಿದ್ದಾರೆ ಎಂಬ ಅನುಮಾನ ಬಂದರೆ ನಮ್ಮ ಕೇಸನ್ನು ಕಾಪಾಡಿಕೊಳ್ಳುವುದು ನಮ್ಮ ಹಕ್ಕು. ಅದಕ್ಕಾಗಿ ಅವರ ಕಾಯಿಲೆಯನ್ನು ಬೀದಿಗೆ ತರಬೇಕಾಗಿಲ್ಲ. ಕೇಸಿನ ಸಿಎನ್‌ಆರ್ ಸಂಖ್ಯೆ ತಿಳಿದಿದ್ದರೆ ಇ-ಕೋರ್ಟ್ ಜಾಲತಾಣದಲ್ಲಿ ಮುಂದಿನ ವಾಯಿದೆಯನ್ನು ನಾವೇ ನೋಡಿಕೊಳ್ಳಬಹುದು. ಎಲ್ಲ ಕಾಗದಗಳ ನಕಲನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ವಕೀಲರನ್ನು ಬದಲಾಯಿಸುವುದಾದರೆ ಗೌರವದಿಂದ ಕೇಳಿ ಕಡತ ಪಡೆಯಬಹುದು. ಶುಲ್ಕ ಬಾಕಿ ಇದೆಯೆಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿದೆ. ವಕೀಲರ ಗೈರುಹಾಜರಿಯಿಂದ ಅಮಾಯಕ ಕಕ್ಷಿದಾರರು ನಷ್ಟ ಅನುಭವಿಸಬಾರದು ಎಂದು 1981ರಲ್ಲಿಯೇ ರಫೀಕ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿತ್ತು. ನಿಜವಾದ ಮೋಸವಾಗಿದ್ದರೆ ವಕೀಲರ ಪರಿಷತ್ತಿಗೆ ದೂರು ಕೊಡುವ ದಾರಿ ತೆರೆದೇ ಇದೆ.

ಮಾಡಬಾರದ್ದು ಒಂದೇ: ‘ಆ ವಕೀಲರು ಕುಡಿಯುತ್ತಾರಂತೆ’ ಎಂದು ವಾಟ್ಸಾಪ್ ಗುಂಪಿಗೆ ಹಾಕುವುದು. ಆ ಒಂದು ಸಾಲು ಅವರ ಮನೆಯವರನ್ನೂ ಮುಟ್ಟುತ್ತದೆ, ಚಿಕಿತ್ಸೆಗೆ ಹೋಗಬೇಕೆಂದು ಮನಸ್ಸು ಮಾಡಿದ್ದ ಇನ್ನಿಬ್ಬರನ್ನು ಹಿಂದಕ್ಕೆ ತಳ್ಳುತ್ತದೆ.

ಮನೆಯವರಿಗೂ ಒಂದು ಮಾತು. ಮಗ, ಸೊಸೆ, ಅಳಿಯ ಯಾರೇ ವಕೀಲರಾಗಿರಲಿ, ಅವರು ಚಿಕಿತ್ಸೆಗೆ ಹೋಗುತ್ತೇನೆ ಎಂದಾಗ ‘ನಾಲ್ಕು ಜನ ಏನಂದಾರು’ ಎನ್ನಬೇಡಿ. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಡಬೇಕಾದ ಸಾಲ ನಮ್ಮ ಮೇಲಿಲ್ಲ. ಬದುಕೇ ಬೇಡ ಎಂಬಂಥ ಮಾತು ಕಿವಿಗೆ ಬಿದ್ದರೆ ಮಾತ್ರ ಗುಟ್ಟಿನ ಯೋಚನೆ ಬಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೀವ ಮೊದಲು.

ಸಂಘದ ವತಿಯಿಂದ

ನಮ್ಮದು ವೈದ್ಯಕೀಯ ಸಂಸ್ಥೆಯಲ್ಲ, ಕನ್ನಡದ ಹೆಸರಿನಲ್ಲಿ ಸೇರುವ ಒಂದು ಕುಟುಂಬ. ನಮ್ಮಿಂದ ಆಗುವುದು ಇಷ್ಟು: ಮುಂದಿನ ತಿಂಗಳ ಸಭೆಯ ಸೂಚನಾ ಫಲಕದಲ್ಲಿ ಮೇಲಿನ ಎರಡು ಸಹಾಯವಾಣಿ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದು ಹಾಕಲಾಗುವುದು. ಯಾರು ಬರೆದುಕೊಂಡರು ಎಂದು ಯಾರೂ ನೋಡುವುದಿಲ್ಲ. ಕಷ್ಟದಲ್ಲಿರುವ ಸದಸ್ಯರಿಗೆ ಕೊಡುವ ನೆರವಿನ ವಿಷಯದಲ್ಲಿ ಹೆಸರು, ಫೋಟೋ ಯಾವುದನ್ನೂ ಈ ಪುಟದಲ್ಲಿ ಪ್ರಕಟಿಸುವುದಿಲ್ಲ. ಸದಸ್ಯರಾಗಿರುವ ವಕೀಲ ಮಿತ್ರರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ನಿಮ್ಮ ಊರಿನ ವಕೀಲರ ಸಂಘಗಳಲ್ಲಿ ಈ ವಿಷಯ ಎತ್ತಿ. ಶಿಸ್ತು ಸಮಿತಿಗೆ ಸಂಬಂಧವಿಲ್ಲದ, ಹೆಸರು ಬರೆದುಕೊಳ್ಳದ ಒಂದು ಸಮಾಲೋಚನೆಯ ವ್ಯವಸ್ಥೆ ಬೇಕು ಎಂದು ಠರಾವು ಮಾಡಿಸಿ. ಇಳಿಜಾರಿನಲ್ಲಿ ಬ್ರೇಕ್ ಸಡಿಲವಾದದ್ದು ಚಾಲಕರಿಗೆ ಮೊದಲು ಗೊತ್ತಾಗುತ್ತದೆ. ಪಕ್ಕಕ್ಕೆ ನಿಲ್ಲಿಸಲು ಜಾಗವಿದ್ದರೆ ಅವರೂ ಉಳಿಯುತ್ತಾರೆ, ಮುಂದೆ ಹೋಗುತ್ತಿರುವ ನಾವೂ ಉಳಿಯುತ್ತೇವೆ.

ಲೇಖನದ ಬಗ್ಗೆ ಸಲಹೆಗಳಿದ್ದರೆ ಸಭೆಯಲ್ಲಿ ತಿಳಿಸಿ. ಸ್ವಂತ ವಿಷಯಗಳಿದ್ದರೆ ನನಗೂ ಹೇಳುವುದು ಬೇಡ, ನೇರವಾಗಿ ಸಹಾಯವಾಣಿಗೇ ಹೇಳಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ತೊಪ್ಪೂರು